ಸ್ಕ್ಯಾನರ್ ಮಹೇಶನ ಬೋರ್ಡು

ಕೆ. ಹೊಸಕೋಟೆಯ ಮಹೇಶನ ಎದುರು ಯಾರೂ ನೆಮ್ಮದಿಯಾಗಿ ಕೆಮ್ಮುವಂತಿಲ್ಲ. ಕೆಮ್ಮಿದರೆ ತಲೆ ಓರೆ ಮಾಡಿ, ಕಣ್ಣು ಸಣ್ಣದು ಮಾಡಿಕೊಂಡು, "ಮಿಸ್‌ಫೈರ್" ಎನ್ನುತ್ತಾನೆ. ಮದುವೆಮನೆಯಲ್ಲಿ ಊಟ ಮುಗಿಸಿ ಎಲೆ ಮುಂದಿನಿಂದ ಏಳಲಾರದೆ ಏಳುವ ನೆಂಟರನ್ನು ಕಂಡರೆ, "ಓವರ್‌ಲೋಡ್" ಎನ್ನುತ್ತಾನೆ. ಹೆಂಡತಿ ಸುಮನಾ ಬೆಳಿಗ್ಗೆ ಮಾತಿಲ್ಲದೆ ಕಾಫಿ ಲೋಟವನ್ನು ಟಪ್ಪನೆ ಕುಕ್ಕಿ ಹೋದರೆ ಮಾತ್ರ ಅವನಿಗೆ ಏನೂ ಹೊಳೆಯುವುದಿಲ್ಲ. ಅದರ ಬಗ್ಗೆ ಕೇಳಿದರೆ, "ಆ ಗಾಡಿ ಕೋಡನ್ನ ಕಂಪನಿಯವ್ರು ಯಾರಿಗೂ ಕೊಟ್ಟಿಲ್ಲ ಮಾರಾಯ" ಎಂದು ತಪ್ಪಿಸಿಕೊಳ್ಳುತ್ತಾನೆ.

ಈ ಜಂಬಕ್ಕೆಲ್ಲ ಕಾರಣ ಅಂಗೈಯಗಲದ ಒಂದು ಸ್ಕ್ಯಾನರ್. ಈಗಿನ ಕಾರುಗಳಲ್ಲಿ ಏನಾದರೂ ಹೆಚ್ಚುಕಮ್ಮಿಯಾದರೆ ಸ್ಟೇರಿಂಗ್ ಎದುರು ಇಂಜಿನ್ ಚಿತ್ರದ ಹಳದಿ ಲೈಟು ಹತ್ತಿಕೊಳ್ಳುತ್ತದಲ್ಲ, ಅದು ಯಾಕೆ ಹತ್ತಿತೆಂದು ಕಾರು ತನ್ನೊಳಗೇ ಒಂದು ನಂಬರ್ ಇಟ್ಟುಕೊಂಡಿರುತ್ತದೆ. ಸ್ಟೇರಿಂಗ್ ಕೆಳಗಿನ ಕಿಂಡಿಗೆ ಸ್ಕ್ಯಾನರಿನ ವೈರು ಸಿಕ್ಕಿಸಿದರೆ ಆ ನಂಬರು ಪರದೆಯ ಮೇಲೆ ಬರುತ್ತದೆ. ಅದೇ ಕೋಡು. ಇಷ್ಟೇ ವಿಷಯ. ಆದರೆ ಮಹೇಶ ಇಷ್ಟಕ್ಕೇ ಬಿಡುವ ಆಸಾಮಿಯಲ್ಲ. ವೈರು ಸಿಕ್ಕಿಸುವ ಮುಂಚೆ ಸೋಪು ಹಾಕಿ ಕೈ ತೊಳೆಯುತ್ತಾನೆ. ಸುತ್ತ ನಿಂತವರನ್ನು ಸುಮ್ಮನಿರಿಸುತ್ತಾನೆ. ಕೋಡು ಬಂದ ಮೇಲೂ ಕಣಿ ಹೇಳುವವರ ಹಾಗೆ ಒಂದು ಗಳಿಗೆ ಉಸಿರು ಬಿಗಿಹಿಡಿದು ನಿಂತು ಆಮೇಲೆ ಬಾಯಿ ಬಿಡುತ್ತಾನೆ. ಎದುರಿನ ಟೀ ಅಂಗಡಿಯ ಬೋರಯ್ಯ ಒಮ್ಮೆ ಗದ್ದೆ ಉಳುವ ತನ್ನ ಹಳೇ ಟಿಲ್ಲರ್ ತಳ್ಳಿಕೊಂಡು ಬಂದು, ಇದಕ್ಕೂ ಒಂದು ನಂಬರ್ ನೋಡಿಬಿಡು ಎಂದಿದ್ದ. ಮಹೇಶ ಅದರ ಸುತ್ತ ಪ್ರದಕ್ಷಿಣೆ ಬಂದು, ಕಿಂಡಿ ಎಲ್ಲೂ ಕಾಣದೆ, "ಇದು ಮೂಗ ಗಾಡಿ ಬೋರಣ್ಣ, ಮಾತಾಡಲ್ಲ" ಎಂದು ಕಳಿಸಿಬಿಟ್ಟ. ಅದರಲ್ಲಿ ಡೀಸೆಲ್ಲೇ ಇರಲಿಲ್ಲ ಎಂಬುದು ಆಮೇಲೆ ಬೋರಯ್ಯನಿಗೇ ಗೊತ್ತಾಯಿತು.

ಹಾಗೆಂದು ಮಹೇಶ ಕೆಲಸಕ್ಕೆ ಬಾರದವನು ಎಂದುಕೊಳ್ಳಬೇಡಿ. ಹುಟ್ಟಿದ್ದೇ ನಟ್ಟು ಬೋಲ್ಟುಗಳ ನಡುವೆ. ಅವನ ಅಪ್ಪ ವೀರಭದ್ರಯ್ಯನವರು ಬಾನೆಟ್ಟಿಗೆ ಕಿವಿಯಿಟ್ಟು ಜೀಪುಗಳ ಕಾಯಿಲೆ ಹೇಳುತ್ತಿದ್ದವರು. ಸುತ್ತಲ ತೋಟಗಳ ಜೀಪುಗಳೆಲ್ಲ ಅವರ ಶೆಡ್ಡಿನಲ್ಲೇ ಮುದಿಯಾದವು. ಮಗ ಪಿಯುಸಿಯಲ್ಲಿ ಡುಮ್ಕಿ ಹೊಡೆದು, ಹಾಸನದ ಒಂದು ಗ್ಯಾರೇಜಿನಲ್ಲಿ ಕೆಲವು ವರ್ಷ ಗ್ರೀಸು ಬಳಿದುಕೊಂಡು, ಅಲ್ಲಿ ಮೊದಲ ಸಲ ಸ್ಕ್ಯಾನರ್ ಕಂಡ. ಕಂಡದ್ದೇ ಮನಸೋತ. ಊರಿಗೆ ವಾಪಸು ಬಂದವನು ಮಾಡಿದ ಮೊದಲ ಕೆಲಸವೆಂದರೆ ಅಪ್ಪನ 'ಶ್ರೀ ವೀರಭದ್ರೇಶ್ವರ ಗ್ಯಾರೇಜ್' ಎಂಬ ಬೋರ್ಡು ಮುಚ್ಚಿಹೋಗುವಂತೆ ಅದರ ಮೇಲೇ ತನ್ನ ಹೊಸ ಬೋರ್ಡು ಜಡಿದದ್ದು. 'ಮಹೇಶ್ ಕಂಪ್ಯೂಟರೈಸ್ಡ್ ಕಾರ್ ಕ್ಲಿನಿಕ್' ಎಂದು ಕೆಂಪಕ್ಷರ. ಅದರಡಿ ಹಸಿರಿನಲ್ಲಿ, 'ಇಲ್ಲಿ ಆರಿದ ಲೈಟು ಮತ್ತೆ ಹತ್ತುವುದಿಲ್ಲ.'

ವೀರಭದ್ರಯ್ಯನವರಿಗೆ ಬಹಳ ಬೇಜಾರಾಯಿತು. ಕೆಳಗಿದ್ದದ್ದು ಬರೀ ತಗಡಲ್ಲ, ಅವರ ಆಯುಷ್ಯ. ಆದರೆ ಮಗನೊಡನೆ ಜಗಳ ಮಾಡುವ ಸ್ವಭಾವ ಅವರದ್ದಲ್ಲ. ಅವರಿಗೆ ಬೇಜಾರಾದರೆ ಷರತ್ತು ಹಾಕುತ್ತಾರೆ.

"ಬೋರ್ಡು ನಿಂದೇ ಇರ್ಲಿ ಕಣೋ," ಎಂದರು. "ಆದ್ರೆ ಈ ಶೆಡ್ಡಲ್ಲಿ ಯಾವ ಪಾರ್ಟ್ ರಿಪೇರಿಯಾದ್ರೂ, ಬಾನೆಟ್ ಮುಚ್ಚಕ್ಕೆ ಮುಂಚೆ ಅದಕ್ಕೆ ವಿಭೂತಿ ಎಳೀಬೇಕು. ನಾನು ಎಳ್ದಿದೀನಿ. ನಮ್ಮಪ್ಪ ಎತ್ತಿನಗಾಡಿ ಅಚ್ಚಿಗೆ ಎಳೀತಿದ್ದ. ನಿನ್ ಕಂಪ್ಯೂಟ್ರು ಬಂತು ಅಂತ ಅದ್ ನಿಲ್ಲಬಾರ್ದು."

ಮಹೇಶ ಒಪ್ಪಿದ. ಸ್ಪ್ಯಾನರುಗಳ ಪಕ್ಕ ಒಂದು ವಿಭೂತಿ ಗಟ್ಟಿ, ಒಂದು ಬಟ್ಟಲು ನೀರು ಕಾಯಂ ಆದವು. ಕೆಲಸ ಮುಗಿದೊಡನೆ ಮೂರು ಬೆರಳು ನೀರಿಗೆ, ಗಟ್ಟಿಗೆ, ಪಾರ್ಟಿಗೆ. ಸ್ಟಾರ್ಟರಿಗೆ ಎಳೆದ, ಗೇರ್‌ಬಾಕ್ಸಿಗೆ ಎಳೆದ, ರೇಡಿಯೇಟರಿಗೆ ಎಳೆದ. ಯಾವುದಕ್ಕೂ ಏನೂ ಆಗಲಿಲ್ಲ. ಕ್ರಮೇಣ ಅದು ಮೂಗು ಒರೆಸಿಕೊಂಡಷ್ಟು ಸಲೀಸಾಗಿ, ಕೈ ಮಾಡಿದ್ದು ಮನಸ್ಸಿಗೆ ಗೊತ್ತಾಗದ ಅಭ್ಯಾಸವಾಯಿತು. ತನ್ನ ಹಣೆಗೆ ಮಾತ್ರ ಮಹೇಶ ಹಚ್ಚಿಕೊಳ್ಳುತ್ತಿರಲಿಲ್ಲ. ಕಂಪ್ಯೂಟರೈಸ್ಡ್ ಮನುಷ್ಯನಿಗೆ ಅದು ಒಪ್ಪುವುದಿಲ್ಲ ಎಂಬುದು ಅವನ ಅಭಿಪ್ರಾಯ.

ಹೀಗಿರುವಾಗ ಹೆಗ್ಗದ್ದೆಯ ಸುಮಿತ್ರಮ್ಮನವರ ಬಿಳೀ ಕಾರು ಬಂತು. ಸುಮಿತ್ರಮ್ಮ ಹೊಸಕೋಟೆಯ ಮಗಳು, ಹೆಗ್ಗದ್ದೆಯ ಕಾಫಿ ತೋಟಕ್ಕೆ ಸೊಸೆ. ಮಹೇಶ ಚಡ್ಡಿಯಲ್ಲಿ ಓಡಾಡುತ್ತಿದ್ದಾಗಿನಿಂದ ನೋಡಿದವರು. ತೋಟದ ಲೆಕ್ಕ ಬರೆಯುವ ರೈಟರಿನಿಂದ ಹಿಡಿದು ಕಾಡಾನೆಯವರೆಗೆ ಯಾರೂ ಅವರ ಮಾತಿಗೆ ಎದುರಾಡಿದ್ದು ಕಾಣೆ.

"ಏನೋ ಮಹೇಶ, ನಿನ್ ಬೋರ್ಡ್ ನೋಡಿ ಬಂದಿದೀನಿ," ಎನ್ನುತ್ತಲೇ ಇಳಿದರು. "ಸಕಲೇಶಪುರದಲ್ಲಿ ಒಬ್ಬ ಈ ಲೈಟಿಗೆ ಏನ್ ಮಾಡ್ದ ಗೊತ್ತಾ? ಕರೀ ಟೇಪ್ ಅಂಟಿಸ್ಬುಟ್ಟ! ಇನ್ನು ಕಾಣಲ್ಲ ಬುಡಿ ಅಮ್ಮಾ ಅಂದ. ಕಾಣಲ್ಲ, ಸರಿ. ಏರು ಬಂದ್ರೆ ಗಾಡಿ ಹತ್ತಲ್ವಲ್ಲ, ಅದಕ್ಕೆಲ್ಲಿ ಟೇಪ್ ಅಂಟಿಸ್ಲಿ?"

ಮಹೇಶ ಕೈ ತೊಳೆದ. ವೈರು ಸಿಕ್ಕಿಸಿದ. ಉಸಿರು ಬಿಗಿಹಿಡಿದ. "ಪಿ ಸೊನ್ನೆ ಒಂದು ಸೊನ್ನೆ ಒಂದು," ಎಂದ, ದೂರದ ನೆಂಟನನ್ನು ಪರಿಚಯ ಮಾಡಿಸುವ ಧಾಟಿಯಲ್ಲಿ. "ಗಾಳಿ ಸೆನ್ಸರ್ ಸುಮಿತ್ರಕ್ಕ."

ಇಂಜಿನ್ನಿಗೆ ಎಷ್ಟು ಗಾಳಿ ಹೋಗುತ್ತಿದೆ ಎಂದು ಅಳೆಯಲು ಕೊಳವೆಯೊಳಗೆ ಕೂದಲಿನಷ್ಟು ತೆಳ್ಳನೆಯ ಒಂದು ತಂತಿ ಇರುತ್ತದೆ. ಅದರ ಮೇಲೆ ಧೂಳು ಕೂತರೆ ಅಳತೆ ತಪ್ಪುತ್ತದೆ. ಅಳತೆ ತಪ್ಪಿದರೆ ಕಾರು ಗಾಬರಿಯಾಗಿ ಲೈಟು ಹಾಕಿ, ಶಕ್ತಿಯನ್ನೆಲ್ಲ ಬಚ್ಚಿಟ್ಟುಕೊಂಡು ತೆವಳತೊಡಗುತ್ತದೆ. ಮಹೇಶ ಆ ತಂತಿಗಿಂತ ಮುಂಚೆ ಬರುವ ಏರ್ ಫಿಲ್ಟರಿನ ಡಬ್ಬಿ ಬಿಚ್ಚಿದ. ಒಳಗೆ ಇಲಿಯೊಂದು ಕಾಫಿ ಹೊಟ್ಟು ಹಾಸಿ, ಫಿಲ್ಟರಿನ ಕಾಗದ ಕಡಿದು, ಬಾಣಂತನಕ್ಕೆ ಸಜ್ಜು ಮಾಡಿಕೊಂಡಿತ್ತು. ಕಡಿದ ತೂತಿನಿಂದ ಧೂಳು ನುಗ್ಗಿ ತಂತಿ ಕಂದಾಗಿತ್ತು. ಇಲಿಗೆ ಬೇರೆ ಮನೆ ನೋಡಿಕೊಳ್ಳಲು ಹೇಳಿ, ಹೊಸ ಫಿಲ್ಟರ್ ಕೂರಿಸಿ, ತಂತಿಗೆ ಸ್ಪ್ರೇ ಹೊಡೆದು ತೊಳೆದು ಒಣಗಿಸಿದ. ಲೈಟು ಆರಿತು. ಅವನ ಮೂರು ಬೆರಳು ತಾವಾಗಿಯೇ ಬಟ್ಟಲಿಗೆ ಹೋದವು, ಗಟ್ಟಿಗೆ ಹೋದವು, ಡಬ್ಬಿಯ ಮುಚ್ಚಳದ ಒಳಗೆ, ಫಿಲ್ಟರ್ ದಾಟಿದ ಗಾಳಿ ತಂತಿಯತ್ತ ಹೋಗುವ ಬಾಯಿಯ ಮೇಲೆ ಮೂರು ಗೆರೆ ಎಳೆದು ವಾಪಸು ಬಂದವು. ಮುಚ್ಚಳ ಹಾಕಿ ಸ್ಕ್ರೂ ಬಿಗಿದ.

ಸುಮಿತ್ರಮ್ಮ ಖುಷಿಯಾಗಿ ಹೋದರು. ಕೆಲವು ದಿನ ಕಾರೂ ಖುಷಿಯಾಗಿತ್ತು. ಆಮೇಲೊಂದು ಬೆಳಿಗ್ಗೆ ಹೆಗ್ಗದ್ದೆಯ ಏರಿನಲ್ಲಿ ಹಳದಿ ಲೈಟು ಹತ್ತಿಕೊಂಡಿತು.

ಅವರು ಎರಡನೇ ಸಲ ಬಂದಾಗ ಮಹೇಶನ ಮುಖ ಸ್ವಲ್ಪ ಸಣ್ಣದಾಗಿತ್ತು. ಅದೇ ಕೋಡು. ಡಬ್ಬಿ ಬಿಚ್ಚಿ, ತಂತಿಯ ಸುತ್ತ ಹತ್ತಿಯ ಕಡ್ಡಿ ಆಡಿಸಿದ. ಹತ್ತಿ ಬೆಳ್ಳಗೆ ಪುಡಿ ಮೆತ್ತಿಕೊಂಡು ಬಂತು. ಮಹೇಶನ ಮುಖ ಮತ್ತೆ ಮೊದಲಿನಷ್ಟೇ ದೊಡ್ಡದಾಯಿತು.

"ಅಕ್ಕ, ತೋಟದಲ್ಲಿ ಬೆಳ್ಳಗಿರೋದು ಏನಾದ್ರೂ ಹಾರ್ತೈತಾ?"

"ಸುಣ್ಣ ಎರಚಿಸ್ತಾ ಇದೀನಲ್ಲೋ, ಗಿಡದ ಬುಡಕ್ಕೆ. ಮಳೆ ಹಿಡಿಯೋದ್ರೊಳಗೆ ಮುಗೀಬೇಕು."

"ಸಿಕ್ತು!" ಎಂದ ಮಹೇಶ, ಕಳ್ಳನನ್ನೇ ಹಿಡಿದವನಂತೆ. "ನಿಮ್ ತೋಟದ ಸುಣ್ಣನೇ ನಿಮ್ ಗಾಡಿ ಕುತ್ತಿಗೆ ಹಿಸುಕ್ತಾ ಐತೆ. ಮೊದ್ಲು ಅದನ್ನ ನಿಲ್ಸಿ."

ಸುಮಿತ್ರಮ್ಮ ಯಾರ ಮಾತೂ ಕೇಳದವರು. ಆದರೆ ಪರದೆಯ ಮೇಲೆ ನಂಬರು ಕಂಡು, ಹತ್ತಿಯ ಮೇಲೆ ಬಿಳುಪು ಕಂಡು, ನಂಬಿದರು. ತೋಟದ ಸುಣ್ಣದ ಕೆಲಸ ನಿಂತಿತು. ಸುಣ್ಣದ ಚೀಲಗಳು ಸ್ಟೋರಿನಲ್ಲಿ ಬಿದ್ದವು. ಕಾರು ಬಂದೊಡನೆ ಹೊದಿಸಲು ಟಾರ್ಪಾಲು ಸಿದ್ಧವಿರಬೇಕು, ಅದು ನಿಲ್ಲುವ ಜಾಗದ ಹತ್ತಿರ ಸುಳಿಯುವವರು ಪಂಚೆ ಕೊಡವಿಕೊಂಡೇ ಬರಬೇಕೆಂದು ರೈಟರಿಗೆ ಆಜ್ಞೆಯಾಯಿತು. ರೈಟರು ದಿನವಿಡೀ ಆಕಾಶ ನೋಡುತ್ತ, ಮೋಡ ಕಂಡರೆ ನಿಟ್ಟುಸಿರು ಬಿಡುತ್ತ ಕೂತ. ಇದೆಲ್ಲ ಆದದ್ದು ಸುಮಿತ್ರಮ್ಮ ಫೋನಿನಲ್ಲೇ ಕೊಟ್ಟ ಹುಕುಮಿನಿಂದ. ಅವರಿನ್ನೂ ಹೊಸಕೋಟೆಯಲ್ಲೇ ಇದ್ದರು, ತವರಿನಲ್ಲಿ ಊಟಕ್ಕೆ. ಅಷ್ಟರಲ್ಲಿ ಮಹೇಶ ತಂತಿ ತೊಳೆದು, ಎರಡನೇ ಸಲದ ಕೆಲಸವಾದ್ದರಿಂದ ಭದ್ರವಾಗಿರಲೆಂದು ಮುಚ್ಚಳದ ಒಳಗೆ ಅಡಿಗೂ ಮುಡಿಗೂ ವಿಭೂತಿ ಎಳೆದ.

ಈ ಸಲ ಲೈಟು ಹೆಗ್ಗದ್ದೆಯವರೆಗೂ ಕಾಯಲಿಲ್ಲ. ಒಂದೆರಡು ದಿನ ತವರಿನಲ್ಲೇ ಸುತ್ತಾಡಿ ಸುಮಿತ್ರಮ್ಮ ಹೊರಟರೆ, ಬಾಳ್ಳುಪೇಟೆಯಲ್ಲೇ ಹತ್ತಿಕೊಂಡಿತು. ಅವರು ಅಲ್ಲೇ ಕಾರು ತಿರುಗಿಸಿದರು.

ಈ ಸುದ್ದಿ ಬೋರಯ್ಯನ ಟೀ ಅಂಗಡಿಗೆ ಅವರಿಗಿಂತ ಮುಂಚೆ ಬಂತು. ಟಿಲ್ಲರಿನ ಅವಮಾನ ಬೋರಯ್ಯ ಮರೆತಿರಲಿಲ್ಲ. ಗಿರಾಕಿಗಳೆಲ್ಲ ಕೇಳುವಂತೆ ಮಹೇಶನ ಬೋರ್ಡನ್ನು ಗಟ್ಟಿಯಾಗಿ ಓದಿದ: "ಇಲ್ಲಿ ಆರಿದ ಲೈಟು ಮತ್ತೆ ಹತ್ತುವುದಿಲ್ಲ! ಹೌದು ಕಣ್ರಪ್ಪ, ಇಲ್ಲಿ ಹತ್ತಲ್ಲ. ಬಾಳ್ಳುಪೇಟೇಲಿ ಹತ್ತುತ್ತೆ!"

ಅಂಗಡಿ ತುಂಬ ನಗು. ಮಹೇಶನ ಕಿವಿ ಬಿಸಿಯಾಯಿತು. ಅವಮಾನವಾದಾಗ ಬಾಯಿ ಮುಚ್ಚಿಕೊಳ್ಳುವ ಬುದ್ಧಿ ದೇವರು ಅವನಿಗೆ ಕೊಟ್ಟಿರಲಿಲ್ಲ. ರಸ್ತೆ ಮಧ್ಯೆ ನಿಂತು, "ಇನ್ನೊಂದ್ಸಲ ಸುಮಿತ್ರಕ್ಕನ ಗಾಡೀಲಿ ಆ ಲೈಟ್ ಹತ್ತಿದ್ರೆ, ನನ್ ಕೈಯಾರೆ ಈ ಬೋರ್ಡ್ ಇಳಿಸ್ತೀನಿ ಕಣ್ರೀ! ಪಂಕ್ಚರ್ ಹಾಕ್ಕೊಂಡಿರ್ತೀನಿ!" ಎಂದುಬಿಟ್ಟ. ಅಂದಮೇಲೆ ತಿರುಗಿ ಬೋರ್ಡಿನತ್ತ ನೋಡಿದ. ಆ ಬೋರ್ಡು ಹೋದರೆ ಅವನ ಪಾಲಿಗೆ ಏನೂ ಉಳಿಯುತ್ತಿರಲಿಲ್ಲ. ಜೀವಮಾನದಲ್ಲಿ ಅವನು ಪಾಸಾಗಿದ್ದ ಒಂದೇ ಪರೀಕ್ಷೆ ಅದು, ಅದೂ ತಾನೇ ಪ್ರಶ್ನೆ ಬರೆದುಕೊಂಡು.

ಮೂರನೇ ಸಲದ ರಿಪೇರಿಗೆ ಅರ್ಧ ಊರು ಸೇರಿತು. ಶೆಡ್ಡಿನ ಮುಂದೆ ಹಾಕಿದ್ದ ಹಳೇ ಜೀಪಿನ ಸೀಟಿನಲ್ಲಿ ಸುಮಿತ್ರಮ್ಮ, ಪಕ್ಕದಲ್ಲಿ ವೀರಭದ್ರಯ್ಯನವರು. ಸುಮನಾ ಕೂಡ ಅಡಿಗೆ ಬಿಟ್ಟು ಬಂದು ಬಾಗಿಲಲ್ಲಿ ನಿಂತಿದ್ದಳು. ಮಹೇಶ ತಂತಿಗೆ ಸ್ಪ್ರೇ ಹೊಡೆದ, ಒಣಗಿಸಿದ, ಮತ್ತೆ ಹೊಡೆದ. ಡಬ್ಬಿಯನ್ನು ಹೆಂಡತಿಯ ಕೈಗೆ ಕೊಟ್ಟು ಮನೆ ಪಾತ್ರೆಯ ಹಾಗೆ ಉಜ್ಜಿಸಿದ. ಸ್ಕ್ಯಾನರ್ ಎಲ್ಲ ಸರಿಯಿದೆ ಎಂದಿತು.

ತೊಳೆದದ್ದನ್ನೇ ಮಗ ಮತ್ತೆ ಮತ್ತೆ ತೊಳೆಯುವುದನ್ನು ನೋಡಿ ವೀರಭದ್ರಯ್ಯನವರಿಗೆ ಪಾಪ ಎನಿಸಿತು. ಬೋರ್ಡಿನ ಬೇಜಾರು ಏನೇ ಇರಲಿ, ಬೋರಯ್ಯನ ಅಂಗಡಿಯವರು ನಗುವುದು ತಮ್ಮ ಮಗನನ್ನಲ್ಲವೇ. ಎದ್ದು ಮನೆಗೆ ಹೋಗಿ, ದೇವರ ಮುಂದಿನ ಗಟ್ಟಿಯನ್ನೇ ಪುಡಿ ಮಾಡಿ, ಮುಷ್ಟಿ ತುಂಬ ತಂದರು.

"ನೀರು ಗೀರು ಬ್ಯಾಡ, ಇದನ್ನ ಹಂಗೇ ಹಚ್ಚು. ಮನೆ ದೇವ್ರದು."

ಮಹೇಶನಿಗೆ ಕಣ್ಣು ತುಂಬಿ ಬಂತು. ಒಣ ವಿಭೂತಿಯನ್ನು ಎರಡೂ ಕೈಯಲ್ಲಿ ತಗೊಂಡು, ಮುಚ್ಚಳದ ಒಳಗೆಲ್ಲ ಸವರಿ, ಉಳಿದದ್ದನ್ನು ಚೆಲ್ಲಬಾರದೆಂದು ಅಲ್ಲೇ ಉದುರಿಸಿ, ಸ್ಕ್ರೂ ಬಿಗಿದ.

ಸುಮಿತ್ರಮ್ಮ ಹೊರಟರು. ಜನ ರಸ್ತೆಗಿಳಿದು ನೋಡಿದರು. ಕಾರು ಬೋರಯ್ಯನ ಅಂಗಡಿ ದಾಟಿತು, ಸ್ಕೂಲು ದಾಟಿತು, ತಿರುವಿಗೆ ಹೋಯಿತು. ತಿರುವಿನಲ್ಲಿ ಒಂದು ಸಲ ಸೀನಿದಂತೆ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಅದೇ ಕಾರು, ಮದುಮಗಳ ನಡಿಗೆಯಲ್ಲಿ, ಹಿಂದಕ್ಕೆ ಬರುತ್ತಿರುವುದು ಕಾಣಿಸಿತು. ಒಳಗೆ ಹಳದಿ ಲೈಟು ಎಲ್ಲರಿಗೂ ಕಾಣುವಂತೆ ಉರಿಯುತ್ತಿತ್ತು. ಬೋರಯ್ಯ ಏಣಿ ತಂದು ಶೆಡ್ಡಿನ ಗೋಡೆಗೆ ಒರಗಿಸಿದ. ಯಾರೂ ಕೇಳಿರಲಿಲ್ಲ.

ಮಹೇಶ ಬಾನೆಟ್ ಎತ್ತಿದ. ಡಬ್ಬಿ ಬಿಚ್ಚಿ ಹತ್ತಿಯ ಕಡ್ಡಿ ಆಡಿಸಿದ. ಬಿಳೀ ಪುಡಿ. ಇಲ್ಲಿಂದ ಸ್ಕೂಲಿನ ತಿರುವಿನವರೆಗೆ ಯಾವ ಸುಣ್ಣ? ಆ ಕಡ್ಡಿಯನ್ನು ಬೆಳಕಿಗೆ ಹಿಡಿಯಲೆಂದು ಕೈ ಎತ್ತಿದ. ಕಡ್ಡಿಯ ತುದಿ ಬೆಳ್ಳಗಿತ್ತು. ಕಡ್ಡಿ ಹಿಡಿದ ಬೆರಳುಗಳೂ ಬೆಳ್ಳಗಿದ್ದವು. ಒಂದನ್ನು ನೋಡಿದ, ಇನ್ನೊಂದನ್ನು ನೋಡಿದ. ಮೂಗಿನ ಹತ್ತಿರ ತಂದು ಮೂಸಿದ. ಎರಡಕ್ಕೂ ದೇವರಮನೆಯ ವಾಸನೆ.

ಅವನ ತಲೆಯೊಳಗೆ ಎಲ್ಲ ಕೋಡುಗಳೂ ಒಟ್ಟಿಗೆ ಬಂದವು. ಮೊದಲ ಸಲ ಮೂರೇ ಗೆರೆ. ಒದ್ದೆ ಗೆರೆ ಒಣಗಿ ಉದುರಲು ದಿನ ಹಿಡಿಯಿತು. ಎರಡನೇ ಸಲ ಜಾಸ್ತಿ ಎಳೆದ, ಲೈಟು ಬೇಗ ಬಂತು. ಈಗ ಅಪ್ಪನ ಮುಷ್ಟಿ ತುಂಬ ಒಣಪುಡಿ. ಸ್ಕೂಲು ದಾಟಿದ್ದೇ ಹೆಚ್ಚು.

"ಹೋಗ್ಲಿ ಬುಡೋ," ಎಂದರು ಸುಮಿತ್ರಮ್ಮ, ಅವನ ಮುಖ ನೋಡಲಾರದೆ. "ಹಳೇ ಸುಣ್ಣ ಇನ್ನೂ ಎಲ್ಲೋ ಸಂದೀಲಿ ಉಳ್ಕೊಂಡೈತೆ ಅಂತ ಕಾಣುತ್ತೆ. ನನ್ ತೋಟದ ತಪ್ಪಿಗೆ ನೀನ್ಯಾಕೆ ಬೋರ್ಡ್ ಇಳಿಸ್ತೀಯ?"

ಇದಕ್ಕಿಂತ ಒಳ್ಳೇ ದಾರಿ ಯಾರಿಗೆ ಸಿಗುತ್ತದೆ? ಹೌದಕ್ಕ ಎಂದರೆ ಬೋರ್ಡು ಉಳಿಯುತ್ತಿತ್ತು. ಪಕ್ಕದಲ್ಲಿ ಅಪ್ಪ, ಮನೆ ದೇವರ ವಿಭೂತಿ ಕೊಟ್ಟ ಸಮಾಧಾನದಲ್ಲಿ ಕೂತಿದ್ದರು. ನಿಜ ಹೇಳಿದರೆ ತನ್ನ ಮಾನವಷ್ಟೇ ಅಲ್ಲ, ಅವರ ಮಾನವೂ ಹೋಗುತ್ತದೆ. ಮಹೇಶ ಬಾಯಿ ತೆರೆದ. ಹೆಗ್ಗದ್ದೆಯ ಕಡೆ ಮೋಡ ಕಟ್ಟುತ್ತಿತ್ತು. ಸುಣ್ಣವಿಲ್ಲದೆ ನಿಂತ ಕಾಫಿ ಗಿಡಗಳು, ಸ್ಟೋರಿನ ಚೀಲಗಳು, ಪಂಚೆ ಕೊಡವಿಕೊಳ್ಳುತ್ತಿರುವ ಆಳುಗಳು, ಎಲ್ಲ ಅವನ ಒಂದು ಮಾತಿನಿಂದ.

"ಸುಣ್ಣ ಅಲ್ಲ ಅಕ್ಕ," ಎಂದ. ಸ್ವರ ಇಲಿಯ ಕೀಚಲಿನಂತಿತ್ತು. "ವಿಭೂತಿ. ನಾನೇ ಹಾಕಿದ್ದು. ಮೂರು ಸಲನೂ."

ಬೋರಯ್ಯ ಏಣಿ ಹಿಡಿದೇ ನಿಂತ. ಸುಮಿತ್ರಮ್ಮ ವೀರಭದ್ರಯ್ಯನವರತ್ತ ತಿರುಗಿದರು. ಎಲ್ಲರೂ ತಿರುಗಿದರು. ಮಹೇಶ ತಲೆ ತಗ್ಗಿಸಿದ. ಅಪ್ಪ ಇನ್ನು ಈ ಶೆಡ್ಡಿಗೆ ಕಾಲಿಡುವುದಿಲ್ಲ ಎಂದು ಅವನಿಗೆ ಖಾತ್ರಿಯಾಗಿ ಹೋಯಿತು.

ವೀರಭದ್ರಯ್ಯನವರು ನಿಧಾನವಾಗಿ ಎದ್ದು ಬಂದರು. ಬಿಚ್ಚಿಟ್ಟ ಡಬ್ಬಿಯೊಳಗೆ ಬಗ್ಗಿ ನೋಡಿದರು. "ಇದೇನೋ ಇದು?"

"ಇಂಜಿನ್ ಇಲ್ಲಿಂದ ಉಸಿರಾಡುತ್ತೆ ಅಪ್ಪಾಜಿ."

"ಅಂದ್ರೆ ಮೂಗು."

"ಹೂಂ."

"ಲೋ," ಎಂದರು ವೀರಭದ್ರಯ್ಯನವರು. ಮುಖದ ತುಂಬ ಆಶ್ಚರ್ಯ. "ವಿಭೂತೀನ ಹಣೆಗೆ ಹಚ್ತಾರೆ ಕಣೋ! ಮೂಗಿಗೆ ತುರುಕ್ತಾರೇನೋ? ಇಷ್ಟ್ ವರ್ಷದಿಂದ ನೀನ್ ಇದನ್ನೇನಾ ಕಲ್ತಿರೋದು?"

ಮೊದಲು ನಕ್ಕದ್ದು ಸುಮನಾ. ಆಮೇಲೆ ಸುಮಿತ್ರಮ್ಮ, ಜೀಪಿನ ಸೀಟು ಕಿರುಗುಟ್ಟುವಂತೆ. ಆಮೇಲೆ ಬೀದಿಗೆ ಬೀದಿಯೇ. ತಪ್ಪೆಲ್ಲ ಮಗನದೇ ಎಂದು ತೀರ್ಮಾನವಾಗಿ ವೀರಭದ್ರಯ್ಯನವರ ಮಾನ ಸಲೀಸಾಗಿ ಉಳಿಯಿತು. ಮಹೇಶ ಮಾತ್ರ ನಗಲಿಲ್ಲ. ತಂತಿ ತೊಳೆದು, ಡಬ್ಬಿ ಒರೆಸಿ, ಮುಚ್ಚಿ, ಏಣಿ ಹತ್ತಿದ. ಆಡಿದ ಮಾತು ಆಡಿದ್ದೇ. ಸ್ಕ್ರೂ ಬಿಚ್ಚಿ ತನ್ನ ಬೋರ್ಡನ್ನು ಎದೆಗವಚಿಕೊಂಡು ಇಳಿದ. ಅದರಡಿಯಿಂದ ಹಳೇ 'ಶ್ರೀ ವೀರಭದ್ರೇಶ್ವರ ಗ್ಯಾರೇಜ್' ಹೊರಬಂತು, ಬಿಸಿಲು ಕಾಣದೆ ಇದ್ದುದರಿಂದ ಬಣ್ಣ ಮಾಸದೆ ನಿನ್ನೆ ಬರೆಸಿದಂತಿತ್ತು. ವೀರಭದ್ರಯ್ಯನವರು ಅದನ್ನೇ ನೋಡುತ್ತ ನಿಂತರು. ಇಷ್ಟು ವರ್ಷ ಒಳಗಿಟ್ಟುಕೊಂಡ ಬೇಜಾರು ಕಣ್ಣಿನಲ್ಲಿ ಹರಿದು ಹೋಯಿತು.

"ಮಾತು ಉಳಿಸ್ಕೊಂಡೆ," ಎಂದರು ಸುಮಿತ್ರಮ್ಮ. "ಆದ್ರೆ ನೀನು ಪಂಕ್ಚರ್ ಹಾಕ್ಕೊಂಡ್ ಕೂತ್ರೆ ನನ್ ಗಾಡಿ ನೋಡೋರ್ಯಾರೋ? ಅಪ್ಪನ ಬೋರ್ಡ್ ಪಕ್ಕದಲ್ಲಿ ಇದನ್ನೂ ಹಾಕು. ಆ ಹಸಿರು ಸಾಲು ಮಾತ್ರ ಅಳಿಸು. ಮತ್ತೆ ನಾಳೆ ಬೆಳಿಗ್ಗೆ ಹೆಗ್ಗದ್ದೆಗೆ ಬಾ. ಮಳೆ ಬರೋದ್ರೊಳಗೆ ಸುಣ್ಣ ಎರಚಬೇಕು. ನಿಲ್ಸಿದೋನೇ ಎರಚು."

ವೀರಭದ್ರಯ್ಯನವರು ಮೂರು ಬೆರಳು ಅದ್ದಿ, ಕಾರಿನ ಬಾನೆಟ್ ಮೇಲೆ, ಹೊರಗೆ, ಎಲ್ಲರಿಗೂ ಕಾಣುವಂತೆ ಗೆರೆ ಎಳೆದರು. ಆಮೇಲೆ, ಬೆರಳಲ್ಲಿ ಇನ್ನೂ ಉಳಿದಿತ್ತಾದ್ದರಿಂದ, ಮಗನ ಹಣೆಗೂ ಎಳೆದರು. ಮಹೇಶ ಬೇಡವೆನ್ನಲಿಲ್ಲ.

ಮರುದಿನ ಇಡೀ ಅವನು ಹೆಗ್ಗದ್ದೆಯ ತೋಟದಲ್ಲಿ ರೈಟರಿನ ಕಣ್ಣೆದುರು ಸುಣ್ಣ ಎರಚಿದ. ಸುಣ್ಣ ಗಾಳಿಗೆದ್ದು ಗಿಡಕ್ಕೆ, ಮುಖಕ್ಕೆ, ಟಾರ್ಪಾಲು ತೆಗೆದು ನಿಲ್ಲಿಸಿದ್ದ ಬಿಳೀ ಕಾರಿಗೆ ಎಲ್ಲ ಮೆತ್ತಿತು. ಸಂಜೆ ಸುಮಿತ್ರಮ್ಮ ಅದೇ ಕಾರಿನಲ್ಲಿ ಅವನನ್ನು ಬಸ್ಸಿಗೆ ಬಿಡಲು ಹೊರಟರು. ಏರು ಬಂತು. ಮಹೇಶ ಉಸಿರು ಬಿಗಿಹಿಡಿದು ಸ್ಟೇರಿಂಗ್ ಎದುರಿನ ಆ ಜಾಗವನ್ನೇ ನೋಡಿದ. ಕಾರು ಗುಡುಗುಡು ಎಂದು ಏರು ಹತ್ತಿ ಮುಗಿಸಿತು. ಲೈಟು ಹತ್ತಲಿಲ್ಲ.

ತಲೆಯಿಂದ ಕಾಲಿನವರೆಗೆ ಬೆಳ್ಳಗಾಗಿ ಮನೆಗೆ ಬಂದ ಗಂಡನನ್ನು ಸುಮನಾ ಬಾಗಿಲಲ್ಲೇ ತಡೆದಳು. ಅವನು ಎರಡು ಸಲ ಜೋರಾಗಿ ಕೆಮ್ಮಿದ. ಅವಳು ತಲೆ ಓರೆ ಮಾಡಿ, ಕಣ್ಣು ಸಣ್ಣದು ಮಾಡಿ, "ಮೊದ್ಲು ಫಿಲ್ಟ್ರು ತೊಳ್ಕೊಂಡ್ ಬನ್ನಿ," ಎಂದು ಬಚ್ಚಲು ತೋರಿಸಿದಳು.